ಮುಳ್ಳು ನೂರರಲ್ಲಿ, ಮಾತು ಅರ್ಧದಲ್ಲಿ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಮನೀಶ್ ನಗರದ ಒಂದು ಗಲ್ಲಿಯಲ್ಲಿ ಕರೆಂಟ್ ಕಂಬಕ್ಕೆ ಬಿದಿರಿನ ಏಣಿ ಒರಗಿದೆ. ಅದರ ತುದಿಯ ಮೆಟ್ಟಿಲಲ್ಲಿ ನಿಂತು, ಬಾಯಲ್ಲಿ ಕತ್ತರಿ ಕಚ್ಚಿಕೊಂಡು, ಸೋಮಣ್ಣ ಕೇಬಲ್ಲಿಗೆ ಸುತ್ತಿಕೊಂಡ ಗಾಳಿಪಟದ ದಾರವನ್ನು ಬಿಡಿಸುತ್ತಿದ್ದಾರೆ. ನಾಗಪುರದಲ್ಲಿ ಸಂಕ್ರಾಂತಿಗೆ ಹಾರಿಸಿದ ಪಟಗಳು ಎಂದೋ ಹರಿದುಹೋಗಿವೆ. ಅವುಗಳ ನೈಲಾನ್ ಮಾಂಜಾ ಮಾತ್ರ ಬೇಸಿಗೆ ಬಂದರೂ ತಂತಿಗಳ ಮೇಲೆ ಉಳಿದಿರುತ್ತದೆ. ಗಾಳಿ ಬೀಸಿದಾಗಲೆಲ್ಲ ಅದು ಕೇಬಲ್ಲಿನ ಕಪ್ಪು ಸಿಪ್ಪೆಯನ್ನು ಸ್ವಲ್ಪ ಸ್ವಲ್ಪವೇ ಕೊಯ್ಯುತ್ತ ಒಂದು ದಿನ ಒಳಗಿನ ಗಾಜಿನ ಎಳೆಯನ್ನು ಮುಟ್ಟುತ್ತದೆ. ಆ ದಿನ ಆ ಸಾಲಿನ ಮನೆಗಳಲ್ಲೆಲ್ಲ ಇಂಟರ್‌ನೆಟ್ ನಿಂತುಹೋಗುತ್ತದೆ, ಸೋಮಣ್ಣನವರ ಫೋನು ಬಡಿದುಕೊಳ್ಳಲು ಶುರುವಾಗುತ್ತದೆ.

"ಸಂಭಾಲ್‌ಕೇ ಕಾಕಾ! ಬಿದ್ದುಗಿದ್ದೀರಿ!" ಎಂದು ಹಾಲಿನ ಗಾಡಿಯವನು ಕೆಳಗಿನಿಂದ ಹಿಂದಿಯಲ್ಲಿ ಕೂಗುತ್ತಾನೆ.

"ಬಿದ್ದರೆ ನಿನ್ನ ಕ್ಯಾನಿನಲ್ಲೇ ಬೀಳುತ್ತೇನೆ. ಬೆವರು ಬಹಳ ಇದೆ, ನೀರು ಹಾಕುವ ಕೆಲಸ ಉಳಿಯುತ್ತದೆ ನಿನಗೆ!" ಸೋಮಣ್ಣ ಅದೇ ಹಿಂದಿಯಲ್ಲಿ ತಿರುಗಿಸಿ ಕೊಡುತ್ತಾರೆ. ಇಬ್ಬರೂ ನಗುತ್ತಾರೆ. ಆ ದಿನ ಅವರು ನಗುವುದು ಅದೊಂದೇ ಸಲ.

ಮಾಂಜಾ ಬಿಡಿಸಿದ ಮೇಲೆ ತುಂಡಾದ ಎಳೆಯ ಕೆಲಸ. ಕೂದಲಿಗಿಂತ ತೆಳುವಾದ ಗಾಜಿನ ಎರಡು ತುದಿಗಳನ್ನು ಒರೆಸಿ, ನೇರ ಕತ್ತರಿಸಿ, ಊಟದ ಡಬ್ಬಿಯಷ್ಟು ದೊಡ್ಡ ಯಂತ್ರದಲ್ಲಿ ಎದುರುಬದುರು ಇಡುತ್ತಾರೆ. ಒಳಗೆ ಸಣ್ಣ ಕಿಡಿಯೊಂದು ಹೊತ್ತಿ, ಎರಡು ತುದಿಗಳು ಕರಗಿ ಒಂದಾಗುತ್ತವೆ. ಅಷ್ಟು ಹೊತ್ತು ಸೋಮಣ್ಣ ಉಸಿರು ಬಿಗಿಹಿಡಿದಿರುತ್ತಾರೆ. ಯಾರೂ ಹಾಗೆ ಮಾಡಲು ಹೇಳಿಕೊಟ್ಟಿಲ್ಲ. ರೂಢಿಯಾಗಿಬಿಟ್ಟಿದೆ.

ಆಮೇಲೆ ಏಣಿ ಇಳಿದು ದೂರು ಕೊಟ್ಟವರ ಮನೆಗೆ ಹೋಗಬೇಕು. ರೌಟರಿಗೆ ತಮ್ಮದೇ ವೈರು ಸಿಕ್ಕಿಸಿ, ಫೋನಿನಲ್ಲಿ ಸ್ಪೀಡ್ ಟೆಸ್ಟ್ ಒತ್ತಬೇಕು. ಪರದೆಯ ಮೇಲೆ ಅರ್ಧಚಂದ್ರದಂಥ ಗಡಿಯಾರ ಮೂಡುತ್ತದೆ. ಮುಳ್ಳು ಸರ್ರನೆ ಏರಿ ನೂರರ ಹತ್ತಿರ ನಿಲ್ಲುತ್ತದೆ. ಅದರ ಚಿತ್ರ ತೆಗೆದು ಕಂಪನಿಯ ಆ್ಯಪ್‌ಗೆ ಏರಿಸಿದರೆ ದೂರಿನ ಮೇಲೆ ಹಸಿರು ಬಣ್ಣ ಬೀಳುತ್ತದೆ. ಚಿತ್ರ ಏರಿಸದ ಹೊರತು ದೂರು ಮುಚ್ಚುವುದಿಲ್ಲ, ಏರಿಸಿದ ಮೇಲೆ ಮತ್ತೆ ತೆರೆಯುವುದಿಲ್ಲ.

"ಹಸಿರು ಬಿತ್ತಂದ್ರ ಮುಗೀತ್ರಿ. ಗಿರಾಕಿ ಬೈದರೂ ಅಷ್ಟ, ಅತ್ತರೂ ಅಷ್ಟ" ಎನ್ನುತ್ತಾರೆ ಸೋಮಣ್ಣ. ಯಂತ್ರವನ್ನು ಚೀಲಕ್ಕೆ ಹಾಕಿ ಸ್ಕೂಟರ್ ಹತ್ತುತ್ತಾರೆ. ಅಂಥ ದೂರುಗಳು ದಿನಕ್ಕೆ ಹತ್ತು, ಕೆಲವು ದಿನ ಹದಿನೈದು.

ಸೋಮಣ್ಣ ಯಾದಗಿರಿ ಜಿಲ್ಲೆಯ ಶಹಾಪುರದ ಕಡೆಯವರು. ಊರೂರಿಗೆ ಕೇಬಲ್ ಹೂಳುವ ಗುತ್ತಿಗೆದಾರರು ಕಾಲುವೆ ತೋಡುವ ಗ್ಯಾಂಗುಗಳನ್ನು ಆ ಕಡೆಯಿಂದ ಕರೆದೊಯ್ಯುತ್ತಾರೆ. ಅಂಥದೊಂದು ಗ್ಯಾಂಗಿನಲ್ಲಿ, ಮೀಸೆ ಇನ್ನೂ ಸರಿಯಾಗಿ ಮೂಡದ ವಯಸ್ಸಿನಲ್ಲಿ ಅವರು ಊರು ಬಿಟ್ಟರು. ಸೊಲ್ಲಾಪುರ, ಲಾತೂರು, ನಾಂದೇಡ್ ಎಂದು ಹೆದ್ದಾರಿಯ ಪಕ್ಕದಲ್ಲೇ ನೆಲ ಅಗೆಯುತ್ತ ಬಂದರು. ಗ್ಯಾಂಗು ರಸ್ತೆ ಬದಿಯಲ್ಲಿ ಟಾರ್ಪಾಲು ಕಟ್ಟಿ ಮಲಗುತ್ತಿತ್ತು. ಅಗೆದಷ್ಟೇ ದೂರ ಟಾರ್ಪಾಲೂ ಮುಂದಕ್ಕೆ ಸರಿಯುತ್ತಿತ್ತು. ವರ್ಧಾ ರೋಡಿನ ಪಕ್ಕದ ಕಾಲುವೆ ನಾಗಪುರ ಮುಟ್ಟಿದಾಗ ಗುತ್ತಿಗೆ ಮುಗಿಯಿತು. ಉಳಿದವರು ಲಾರಿ ಹತ್ತಿ ವಾಪಸಾದರು. ಸೋಮಣ್ಣನಿಗೆ ಕಾಮಾಲೆ, ಲಾರಿ ಹತ್ತುವ ಶಕ್ತಿ ಇರಲಿಲ್ಲ.

"ನಾ ಇಲ್ಲಿ ಬದುಕಬೇಕಂತ ಉಳದಾಂವಲ್ಲ. ಎದ್ದು ಹೋಗ್ಲಾಕ ಆಗ್ಲಿಲ್ಲ, ಉಳದೆ" ಎನ್ನುವಾಗ ಅವರ ದನಿಯಲ್ಲಿ ಹೆಮ್ಮೆಯೂ ಇಲ್ಲ, ದೂರೂ ಇಲ್ಲ.

ನೆಲದೊಳಗೆ ಹೂತ ಕೇಬಲ್ಲನ್ನು ಕೊನೆಗೆ ಮನೆಗಳಿಗೆ ತಲುಪಿಸಲು ಕಂಬ ಹತ್ತುವವರು ಬೇಕಿತ್ತು. ಸೋಮಣ್ಣ ಹತ್ತಿದರು. ಎಳೆ ಜೋಡಿಸುವುದನ್ನು ಇನ್ನೊಬ್ಬ ಲೈನ್‌ಮನ್‌ನ ಪಕ್ಕದಲ್ಲಿ ನಿಂತು ನೋಡಿ ಕಲಿತರು. ಒಮ್ಮೆ ಮಳೆಗಾಲದಲ್ಲಿ ಏಣಿ ಜಾರಿ ಸೊಂಟ ಮುರಿಯಿತು. ಕಂಪನಿಯ ಲೆಕ್ಕದಲ್ಲಿ ಅವರು ನೌಕರರಲ್ಲ, ಗುತ್ತಿಗೆಯವರು. ಹಾಗಾಗಿ ಆಸ್ಪತ್ರೆಗೆ ಕಂಪನಿಯಿಂದ ಯಾರೂ ಬರಲಿಲ್ಲ, ಕೆಲಸಕ್ಕೆ ಮರಳಿದಾಗ ಯಾರೂ ಕೇಳಲೂ ಇಲ್ಲ. ಈಗಲೂ ಏಣಿ ಇಳಿಯುವಾಗ ಎಡಗಾಲನ್ನು ಮೊದಲು ಇಟ್ಟು, ಬಲಗಾಲನ್ನು ಅದರ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಮೇ ತಿಂಗಳಲ್ಲಿ ಹೊತ್ತೇರಿದ ಮೇಲೆ ಕಂಬದ ಕಬ್ಬಿಣ ಅಂಗೈ ಸುಡುತ್ತದೆ. ಅದಕ್ಕೇ ಅವರ ದಿನ ನಸುಕಿನಲ್ಲಿ ಶುರುವಾಗುತ್ತದೆ. ಬೆಳಗಿನ ಟೆಸ್ಟಿನಲ್ಲಿ ಮುಳ್ಳು ತುಸು ಹೆಚ್ಚೇ ಏರುತ್ತದೆ ಎಂದು ಕಂಪನಿಯವರೂ ನಸುಕನ್ನೇ ಮೆಚ್ಚುತ್ತಾರೆ.

ಮನೆಗಳ ಒಳಗೆ ಅವರಿಗೆ ಹೆಸರಿಲ್ಲ. ಕೇಬಲ್‌ವಾಲಾ, ಅಷ್ಟೇ. ಚಪ್ಪಲಿ ಹೊರಗೆ ಬಿಡಿ ಎನ್ನುತ್ತಾರೆ, ಆಮೇಲೆ ಹೊಸಿಲಿನಲ್ಲಿ ಬರಿಗಾಲಿನ ಧೂಳು ನೋಡಿ ಚಪ್ಪಲಿ ಹಾಕಿಕೊಂಡೇ ಬರಬಾರದಿತ್ತೇ ಎನ್ನುತ್ತಾರೆ. ಅವರು ಎರಡಕ್ಕೂ ತಲೆಯಾಡಿಸುತ್ತಾರೆ. ನೆಟ್ ಸರಿ ಇಲ್ಲ ಎಂದು ಮನೆಯವರು ಹೇಳಿದರೆ ಫೋನಿನ ಮುಳ್ಳು ತೋರಿಸುತ್ತಾರೆ. ಮುಳ್ಳು ನೋಡಿದ ಮೇಲೆ ಎಂಥ ಜೋರಿನವರೂ ದನಿ ತಗ್ಗಿಸುತ್ತಾರೆ. "ನಮ್ಮ ಟೀವೀದೇ ಇರಬೇಕು ಕಾಕಾ ತಪ್ಪು" ಎನ್ನುತ್ತಾರೆ. ಸೋಮಣ್ಣ ಆ ಮುಳ್ಳನ್ನು ನಂಬಿದ್ದರು. ಯಾರೂ ಹೆಸರು ಹಿಡಿದು ಕರೆಯದ ಮನೆಗಳಲ್ಲಿ ಅವರ ಪರವಾಗಿ ಮಾತನಾಡುತ್ತಿದ್ದುದು ಅದೊಂದೇ.

ನೀಲಾಳ ಪರಿಚಯ ಅವರಿಗೆ ಆದದ್ದು ಒಂದು ಬೈಗುಳದಿಂದ. ಮನೀಶ್ ನಗರದ ಹಿಂಬದಿಯ ಗಲ್ಲಿಯ ಎರಡು ಕೋಣೆಯ ಬಾಡಿಗೆ ಮನೆ. ಬಾಗಿಲು ತೆರೆದ ಹೆಂಗಸು ಹಿಂದಿಯಲ್ಲಿ "ಬನ್ನಿ" ಎಂದು, ಒಳಕ್ಕೆ ತಿರುಗಿ ಕನ್ನಡದಲ್ಲಿ ಗೊಣಗಿದಳು: "ಬಂದ್ರು ನೋಡು, ಎಲ್ಲಾ ಮುಗದು ಮಣ್ಣಾದಮ್ಯಾಲೆ ಬಂದ್ರು ದೊಡ್ಡಮನಶಾರು."

"ಟ್ರಾಫಿಕ್ ಬಾಳ ಇತ್ತವ್ವಾ, ದೊಡ್ಡಮನಷ್ಯಾಗ ತಡಾ ಆತು" ಎಂದರು ಸೋಮಣ್ಣ.

ಅವಳು ನಾಲಿಗೆ ಕಚ್ಚಿಕೊಂಡಳು. ಆಮೇಲೆ ನಕ್ಕಳು. ಧಾರವಾಡದ ಹೆಣ್ಣು. ಗಂಡ ಪ್ರಸನ್ನನಿಗೆ ನಾಗಪುರ ಸ್ಟೇಷನ್ನಿನ ಪಾರ್ಸೆಲ್ ವಿಭಾಗದಲ್ಲಿ ಗುತ್ತಿಗೆ ಕೆಲಸ, ಪಾಳಿಗೆ ಹೊತ್ತು ಗೊತ್ತಿಲ್ಲ. ಮಗಳು ಅಮೂಲ್ಯಾಗೆ ಆರು ವರ್ಷ, ಮೂರ್ಛೆ ರೋಗ. ಯಾವಾಗ ಬೀಳುತ್ತಾಳೆಂದು ಹೇಳಲಾಗದು. ಬಿದ್ದಾಗ ಪಕ್ಕಕ್ಕೆ ಹೊರಳಿಸಿ ಹಿಡಿದುಕೊಳ್ಳಲು ಒಬ್ಬರು ಹತ್ತಿರ ಇರಲೇಬೇಕು. ಶಾಲೆಯವರು ಜವಾಬ್ದಾರಿ ಹೊರಲು ಆಗುವುದಿಲ್ಲ ಎಂದು ಕಳಿಸಿಬಿಟ್ಟಿದ್ದರು. ಹೊರಗೆ ಹೋಗಿ ದುಡಿಯುವ ದಾರಿ ನೀಲಾಗೆ ಅಲ್ಲಿಗೆ ಮುಚ್ಚಿತ್ತು.

ಹಾಗಿರುವಾಗ ಸಿಕ್ಕಿದ್ದು ಈ ಕೆಲಸ. ಒಂದು ಆರೋಗ್ಯ ವಿಮೆಯ ಸಂಸ್ಥೆಗೆ ಕರ್ನಾಟಕದಿಂದ ಬರುವ ಕರೆಗಳನ್ನು ಮನೆಯಲ್ಲೇ ಕುಳಿತು ಕನ್ನಡದಲ್ಲಿ ಉತ್ತರಿಸುವುದು. ನಾಗಪುರದಲ್ಲಿ ಬಾಗಿಲಾಚೆ ಯಾರಿಗೂ ಬೇಡವಾದ ಅವಳ ಕನ್ನಡ ಇಲ್ಲಿ ಬೇಕಾಗಿತ್ತು. ಒಂದು ಸ್ಟೂಲು, ಒಂದು ಮೇಜು, ಕಿವಿಗೆ ಹೆಡ್‌ಫೋನು. ಕೈಗೆಟುಕುವ ಚಾಪೆಯ ಮೇಲೆ ಅಮೂಲ್ಯಾ. ಮೂರು ತಿಂಗಳು ಪರೀಕ್ಷೆಯ ಅವಧಿ, ಆಮೇಲೆ ಖಾಯಂ. ಖಾಯಂ ಆದರೆ ಮಗುವಿನ ಔಷಧಿಯೂ ವಿಮೆಯೊಳಗೆ ಬರುತ್ತದೆ.

ತೊಂದರೆ ಎಂದರೆ, ಸಂಜೆಯಾದರೆ ಕರೆ ಒಡೆಯುತ್ತಿತ್ತು.

"ಮುಂಜಾನಿ ಛಂದ ಇರತೈತಿ ಕಾಕಾ. ಸಂಜಿ ಆತಂದ್ರ ಆ ಕಡೆಯವರು ಹಲೋ ಹಲೋ ಅಂತಾರ, ನಾನೂ ಹಲೋ ಹಲೋ ಅಂತೇನಿ, ಇಬ್ಬರೂ ಹಲೋ ಅಂದ್ಕೊಂತ ಸಾಯ್ತೇವಿ" ಎಂದಳು ನೀಲಾ.

ಸೋಮಣ್ಣ ತಮಗೆ ತಿಳಿದದ್ದನ್ನೆಲ್ಲ ಮಾಡಿದರು. ರೌಟರ್ ಬದಲಿಸಿದರು. ವೈಫೈ ಬೇಡವೆಂದು ಗೋಡೆಗುಂಟ ವೈರು ಎಳೆದು ಮೇಜಿನವರೆಗೆ ತಂದರು. ಕಂಬದ ಮೇಲಿನ ಜೋಡಣೆಯನ್ನು ಕತ್ತರಿಸಿ ಹೊಸದಾಗಿ ಮಾಡಿದರು. ಪ್ರತಿಸಲವೂ ಬೆಳಗಿನ ಹೊತ್ತು ಟೆಸ್ಟ್ ಒತ್ತಿದರು, ಪ್ರತಿಸಲವೂ ಮುಳ್ಳು ನೂರಕ್ಕೆ ಹೋಯಿತು. ಬೇರೆ ಕಂಪನಿಯ ಕೇಬಲ್ ಆಗಿನ್ನೂ ಆ ಗಲ್ಲಿಗೆ ಬಂದಿರಲಿಲ್ಲ. ಮೊಬೈಲ್ ನೆಟ್ ಬಳಸಬಾರದೆಂಬುದು ಅವಳ ಆಫೀಸಿನ ಕಟ್ಟಳೆ.

ಮೂರನೆಯ ತಿಂಗಳು ನಡೆಯುತ್ತಿದ್ದಾಗ ಆಫೀಸಿನಿಂದ ಎಚ್ಚರಿಕೆ ಬಂತು. ಇಷ್ಟೊಂದು ಕರೆಗಳು ನಡುವೆಯೇ ಏಕೆ ಕಡಿದಿವೆ, ವಿವರಣೆ ಕೊಡಿ. ನೀಲಾ ಫೋನನ್ನು ಸೋಮಣ್ಣನ ಮುಂದೆ ಹಿಡಿದಳು.

"ಏನ್ ಕಳಸ್ಲಿ ಕಾಕಾ ಇವರಿಗೆ?"

ಸೋಮಣ್ಣನಿಗೆ ಆ ಕ್ಷಣ ಖುಷಿಯೇ ಆಯಿತು. ಕೊನೆಗೂ ತಾವು ಮಾಡಬಹುದಾದ ಒಂದು ಉಪಕಾರ ಎದುರಿಗೆ ಬಂದಿತ್ತು. ಎಂಥ ಜಗಳವನ್ನೂ ಮುಗಿಸುವ ವಸ್ತು ಅವರ ಜೇಬಿನಲ್ಲೇ ಇತ್ತಲ್ಲ. ಫೋನಿನಲ್ಲಿದ್ದ ಟೆಸ್ಟುಗಳಲ್ಲಿ ಮುಳ್ಳು ಅತಿ ಮೇಲೇರಿದವನ್ನು ಹುಡುಕಿದರು. ಸಾಲದೆಂದು ಮಾರನೆಯ ನಸುಕಿನಲ್ಲಿ ಬಂದು, ರೌಟರಿಗೇ ವೈರು ಸಿಕ್ಕಿಸಿ, ಇನ್ನೊಂದು ತೆಗೆದರು. ನೂರಕ್ಕೂ ಮೇಲೆ ಹೋದ ಚಿತ್ರ. ರೂಢಿಯಂತೆ ಅದನ್ನು ಕಂಪನಿಯ ಆ್ಯಪ್‌ಗೂ ಏರಿಸಿದರು. "ಇದನ್ನ ಕಳಸವ್ವಾ. ನಿಮ್ಮ ಲೈನ್‌ದಾಗ ತಪ್ಪಿಲ್ಲ, ನಿಂದೂ ತಪ್ಪಿಲ್ಲ ಅಂತ ತಿಳೀತದ. ಅವರ ಕಡೀದೇ ಏನರ ಇರಬೇಕು, ನೋಡ್ಕೋತಾರ" ಎಂದರು.

ನೀಲಾ ನಂಬಿ ಎಲ್ಲವನ್ನೂ ಕಳಿಸಿದಳು.

ಉತ್ತರ ಆ ದಿನವೇ ಬಂತು. ನಿಮ್ಮ ಸಂಪರ್ಕ ಉತ್ತಮವಾಗಿದೆ ಎಂದು ನೀವೇ ಪುರಾವೆ ಒದಗಿಸಿದ್ದೀರಿ. ಹಾಗಾಗಿ ಕರೆಗಳನ್ನು ನೀವೇ ಬೇಕೆಂದು ಕಡಿದಿದ್ದೀರೆಂದು ಭಾವಿಸಬೇಕಾಗಿದೆ. ಶುಕ್ರವಾರ ಬೆಳಿಗ್ಗೆ ವೀಡಿಯೊ ಕರೆಯಲ್ಲಿ ವಿಚಾರಣೆ.

ಕರೆ ತಪ್ಪಿಸುವುದು ಆ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ಅಪರಾಧ. ತಡವಾಗಿ ಬಂದವರನ್ನು ಕ್ಷಮಿಸುತ್ತಾರೆ, ತಪ್ಪು ಉತ್ತರ ಕೊಟ್ಟವರಿಗೆ ಮತ್ತೆ ಕಲಿಸುತ್ತಾರೆ. ಕರೆ ಕಡಿದವರನ್ನು ತೆಗೆಯುತ್ತಾರೆ, ಮತ್ತೆಂದೂ ಸೇರಿಸಿಕೊಳ್ಳುವುದಿಲ್ಲ.

ಸೋಮಣ್ಣ ಅಂದು ಸಂಜೆ ಉಳಿದ ದೂರುಗಳನ್ನು ಬದಿಗಿಟ್ಟು ನೀಲಾಳ ಮನೆಗೆ ಹೋದರು. ಕಿಟಕಿಯ ಕೂಲರ್ ಗಾಳಿಗೆ ಅಮೂಲ್ಯಾ ಚಾಪೆಯ ಮೇಲೆ ಬಣ್ಣದ ಕಡ್ಡಿ ಹಿಡಿದು ಗೀಚುತ್ತಿದ್ದಳು. ನೀಲಾ ಹೆಡ್‌ಫೋನಿನ ಒಂದು ಕಿವಿಯನ್ನು ಅವರಿಗೆ ಕೊಟ್ಟಳು. ಒಂದು ಕರೆ ಬಂತು. ಹಾವೇರಿಯ ಕಡೆಯ ಯಾರೋ ಮುದುಕ. ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದ್ದಾನೆ, ಆಪರೇಶನ್ನಿಗೆ ವಿಮೆಯ ಒಪ್ಪಿಗೆ ಬೇಕು.

"ನಮ್ಮ ಮನಿಯಾಕೀದು... ದವಾಖಾನಿ... ನಂಬರ್ ಬರಕೊರಿ, ಏಳು... ಎರಡು... ಕೇಳಸ್ತೈತೇನ್ರಿ?"

"ಕೇಳಸ್ತೈತ್ರಿ ಅಜ್ಜಾರ, ಇನ್ನೊಮ್ಮೆ ಹೇಳ್ರಿ" ಎಂದಳು ನೀಲಾ. ಅವಳ ಮಾತು ಅತ್ತ ತಲುಪಲಿಲ್ಲ. ಮುದುಕ "ಹಲೋ ಯವ್ವಾ, ಹಲೋ" ಎನ್ನುತ್ತಲೇ ಇದ್ದ. ಅವನ ದನಿ ಚೂರುಚೂರಾಗಿ, ಡಬ್ಬಿಯೊಳಗೆ ಕಲ್ಲು ಕುಲುಕಿದಂತೆ ಕೇಳುತ್ತಿತ್ತು. ನೀಲಾ ಸ್ಟೂಲಿನಿಂದ ಎದ್ದು ಕೂಗಿದಳು. ಮಗು ಬೆಚ್ಚಿ ಅವಳನ್ನು ನೋಡಿತು.

ಸೋಮಣ್ಣ ಆಗಲೇ ತಮ್ಮ ಫೋನಿನಲ್ಲಿ ಟೆಸ್ಟ್ ಒತ್ತಿದರು. ಮುಳ್ಳು ಸರ್ರನೆ ಏರಿ ನೂರರಲ್ಲಿ ನಿಂತಿತು.

ಒಂದೇ ಮೇಜು, ಒಂದೇ ಲೈನು, ಒಂದೇ ಕ್ಷಣ. ಒಂದು ಕಡೆ ನೂರು ಮುಟ್ಟಿದ ಮುಳ್ಳು, ಇನ್ನೊಂದು ಕಡೆ "ಹಲೋ ಯವ್ವಾ" ಎನ್ನುತ್ತ ಮುಳುಗಿಹೋದ ಮುದುಕ. ಕರೆ ಕಡಿಯಿತು. ನೀಲಾ ಹೆಡ್‌ಫೋನು ತೆಗೆದಿಟ್ಟು ಮುಳ್ಳಿನ ಕಡೆ ಒಮ್ಮೆ ನೋಡಿದಳು. ಸೋಮಣ್ಣ ಫೋನನ್ನು ತಿರುವಿ ಮೇಜಿನ ಮೇಲೆ ಬೋರಲು ಇಟ್ಟರು.

"ನನ್ನ ಕೈಯಾಗಿನ ತಕ್ಕಡೀನೇ ಸುಳ್ಳು ಅಂತ ಅವತ್ತ ಗೊತ್ತಾತ್ರಿ" ಎಂದು ಅವರು ಈಗ ಹೇಳುತ್ತಾರೆ. ಹೇಳುವಾಗ ನೆಲ ನೋಡುತ್ತಾರೆ.

ಮರುದಿನ ಕಂಪನಿಯ ಆಫೀಸಿಗೆ ಹೋಗಿ ಸೂಪರ್‌ವೈಸರ್ ಅಭಿಜಿತ್‌ನನ್ನು ಕೇಳಿದರು. ಸೋಮಣ್ಣನ ಮಗನಷ್ಟು ವಯಸ್ಸಿನ ಹುಡುಗ, ಕೆಟ್ಟವನಲ್ಲ. ಬಿಸಿಲಿನಿಂದ ಬಂದವರಿಗೆ ಮೊದಲು ನೀರು ಕೊಡುವವನು.

"ಕಾಕಾ, ತುಮೀ ಪಣ್ ನಾ!" ನೀವೂ ಒಬ್ಬರು ಎಂಬಂತೆ ಮರಾಠಿಯಲ್ಲಿ ನಕ್ಕು ಅವನು ಹೇಳಿದ. "ಟೆಸ್ಟ್ ಒತ್ತಿದರೆ ಅದು ಹತ್ತಿರದ ಸರ್ವರ್ ಯಾವುದೆಂದು ಹುಡುಕುತ್ತದೆ. ಎಲ್ಲಕ್ಕಿಂತ ಹತ್ತಿರದ್ದು ನಮ್ಮದೇ. ಈ ಗೋಡೆಯ ಆಚೆ ಇದೆ, ನೋಡಬೇಕಾ? ಆ ಮನೆಯಿಂದ ಈ ಗೋಡೆಯವರೆಗೆ ದಾರಿ ಖಾಲಿ. ನೀವೇ ಹಾಕಿದ ಕೇಬಲ್, ಒಂದು ಗುಂಡಿ ಇಲ್ಲ. ಆದರೆ ಆ ಹೆಣ್ಣುಮಗಳ ಕರೆ ಇಲ್ಲಿಗೆ ಬರುವುದಿಲ್ಲವಲ್ಲ, ಮುಂಬೈಗೆ ಹೋಗಬೇಕು. ಇಲ್ಲಿಂದ ಹೊರಗೆ ಹೋಗುವ ದಾರಿ ನಮ್ಮದು ಸಣ್ಣದು. ಸಂಜೆ ಊರಿಗೆ ಊರೇ ಸಿನಿಮಾ ಹಚ್ಚಿ ಕೂತರೆ ಅಲ್ಲಿ ಜಾಮ್. ವರ್ಧಾ ರೋಡ್ ಜಾಮ್ ಆಗಿದ್ದರೆ ಗಲ್ಲಿಯೊಳಗೆ ಸ್ಕೂಟರ್ ಎಷ್ಟು ಜೋರು ಓಡುತ್ತದೆ ಎಂದು ನೋಡಿ ಏನು ಪ್ರಯೋಜನ? ಟೆಸ್ಟ್ ಗಲ್ಲಿಯೊಳಗೇ ಓಡಾಡಿ ಮನೆಗೆ ಬರುತ್ತದೆ."

ಇನ್ನೂ ಒಂದು ಮಾತು ಸೇರಿಸಿದ. ಮಾತುಕತೆಗೆ ಅಷ್ಟು ವೇಗವೇ ಬೇಕಿಲ್ಲ. ಮುಳ್ಳು ಹತ್ತರಲ್ಲಿದ್ದರೂ ಸಾಕು, ಆದರೆ ದನಿಯ ತುಣುಕುಗಳು ಒಂದರ ಹಿಂದೆ ಒಂದು ತಪ್ಪದೆ ತಲುಪಬೇಕು. ನಡುವೆ ಅಲ್ಲೊಂದು ಇಲ್ಲೊಂದು ಉದುರಿದರೆ ಮಾತು ಹರಿದ ಬಟ್ಟೆಯಾಗುತ್ತದೆ. ಮುಳ್ಳು ಎಷ್ಟು ಬೇಗ ಬಂತೆಂದು ಹೇಳುತ್ತದೆ, ದಾರಿಯಲ್ಲಿ ಎಷ್ಟು ಬಿದ್ದುಹೋಯಿತೆಂದು ತೋರಿಸುವುದಿಲ್ಲ.

"ಇದು ನಿಮಗೆಲ್ಲ ಗೊತ್ತಿತ್ತಾ?" ಎಂದರು ಸೋಮಣ್ಣ.

"ಎಲ್ಲರಿಗೂ ಗೊತ್ತು ಕಾಕಾ. ನಮ್ಮ ಮನೆಯಲ್ಲೂ ಇದೇ ನೆಟ್. ಸಂಜೆ ನಮ್ಮಮ್ಮನ ಸೀರಿಯಲ್ ಗಿರಗಿರ ತಿರುಗುತ್ತ ನಿಲ್ಲುತ್ತದೆ. ನನಗೇ ಬೈಯುತ್ತಾಳೆ."

"ಹಾಗಾದರೆ ಒಂದು ಕಾಗದದಲ್ಲಿ ಬರೆದುಕೊಡು. ಸಂಜೆ ಹೊರಗಿನ ದಾರಿ ಜಾಮ್ ಇರುತ್ತದೆ, ಆ ಹೆಣ್ಣುಮಗಳದು ತಪ್ಪಿಲ್ಲ, ಇಷ್ಟೇ ಬರಿ."

ಅಭಿಜಿತ್‌ನ ನಗು ಅಲ್ಲಿಗೆ ನಿಂತಿತು. ಅವನು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದ. "ಅದನ್ನು ಬರೆದರೆ ನಾಳೆ ಇಡೀ ಮನೀಶ್ ನಗರ ಆ ಕಾಗದ ಹಿಡಿದು ಬರುತ್ತದೆ. ಆ ಹೆಣ್ಣುಮಗಳ ಕೆಲಸ ಉಳಿಯುತ್ತದೋ ಇಲ್ಲವೋ, ನನ್ನದು ಹೋಗುತ್ತದೆ. ನಿಮ್ಮದೂ ಹೋಗುತ್ತದೆ" ಎಂದ. ದನಿ ತಗ್ಗಿಸಿ, "ಮಾಫ್ ಕರಾ ಕಾಕಾ" ಎಂದು ಕ್ಷಮೆಯನ್ನೂ ಕೇಳಿದ.

ಸೋಮಣ್ಣನಿಗೆ ಉಳಿದಿದ್ದ ದಾರಿ ಒಂದೇ. ನೀಲಾ ಹೊಸದಾಗಿ ಕೊಟ್ಟಿದ್ದ ದೂರನ್ನು ಮುಚ್ಚದೆ ಬಿಡುವುದು. ಆ್ಯಪ್‌ನಲ್ಲಿ ಅದು ಕೆಂಪಾಗಿ ಮಿನುಗತೊಡಗಿತು. ಕೆಂಪು ಇರುವವರೆಗೆ ಲೈನಿನಲ್ಲಿ ತೊಂದರೆ ಇದೆ ಎಂದೇ ಅರ್ಥ. ಅದನ್ನಾದರೂ ಅವಳು ಆಫೀಸಿಗೆ ತೋರಿಸಲಿ ಎಂದು ಅವರ ಎಣಿಕೆ. ಆ ಕೆಂಪು ದೂರು ಅವರ ಹೆಸರಿನ ಕೆಳಗೆ ಕೂತಿದ್ದರಿಂದ ಹೊಸ ದೂರುಗಳು ಅವರಿಗೆ ಬರುವುದು ನಿಂತಿತು. ದೂರು ಬರದಿದ್ದರೆ ಕೂಲಿಯೂ ಇಲ್ಲ. ಅವರು ಮರದ ನೆರಳಿನಲ್ಲಿ ಸ್ಕೂಟರ್ ಮೇಲೆ ಕುಳಿತು ದಿನ ಕಳೆದರು.

ಗುರುವಾರ ಮಧ್ಯಾಹ್ನ ದೂರು ತಾನಾಗಿ ಹಸಿರಾಯಿತು. ಆಫೀಸಿನಲ್ಲೇ ಯಾರೋ ಮುಚ್ಚಿದ್ದರು. ಅದಕ್ಕೆ ಏರಿಸಿದ ಚಿತ್ರ ಸೋಮಣ್ಣನೇ ತೆಗೆದದ್ದು. ನಸುಕಿನಲ್ಲಿ ಹೋಗಿ, ನೀಲಾಗೆ ಉಪಕಾರವಾಗಲೆಂದು ತೆಗೆದ, ನೂರನ್ನು ದಾಟಿದ ಆ ಚಿತ್ರ.

ಶುಕ್ರವಾರದ ವಿಚಾರಣೆಗೆ ಅವರೂ ನೀಲಾಳ ಮನೆಯಲ್ಲಿದ್ದರು. ಪರದೆಗೆ ಕಾಣದ ಹಾಗೆ ಗೋಡೆಗೆ ಒರಗಿ, ರೌಟರಿನ ಪಕ್ಕದಲ್ಲಿ ಕುಳಿತಿದ್ದರು. ಪ್ರಸನ್ನನಿಗೆ ರಜೆ ಸಿಕ್ಕಿರಲಿಲ್ಲ. ಪರದೆಯಲ್ಲಿ ಬೆಂಗಳೂರಿನ ಟೀಮ್ ಲೀಡರ್ ಗ್ರೀಷ್ಮಾ ಮೂಡಿದಳು. ಚಿತ್ರ ನಿಚ್ಚಳ, ದನಿ ಗಂಟೆ ಹೊಡೆದಂತೆ.

"ನೀಲಾ, ನನ್ನ ವಾಯ್ಸ್ ಕೇಳಿಸ್ತಿದೆಯಾ?"

"ಕೇಳಸ್ತೈತ್ರಿ ಮೇಡಂ."

"ನಂಗೂ ಕ್ಲಿಯರ್ ಆಗಿ ಕೇಳಿಸ್ತಿದೆ. ಅದೇ ನೋಡಿ ಪ್ರಾಬ್ಲಂ. ನೀವೇ ಕಳಿಸಿರೋ ಟೆಸ್ಟ್ ನನ್ನ ಮುಂದೆ ಇದೆ. ನಮ್ಮ ಆಫೀಸ್ ನೆಟ್‌ಗಿಂತ ಚೆನ್ನಾಗಿದೆ ನಿಮ್ದು. ಇದನ್ನಿಟ್ಕೊಂಡು ನಾನು ಮೇಲಿನವ್ರಿಗೆ ಏನಂತ ಹೇಳ್ಲಿ?"

"ಮೇಡಂ, ಈಗ ಮುಂಜಾನಿ ಐತ್ರಿ. ಒಂದ ಸಲ ಸಂಜಿಮುಂದ ಮಾಡಿ ನೋಡ್ರಿ. ಒಂದ ಸಲ, ನಿಮ್ಮ ಕಾಲಿಗೆ ಬೀಳ್ತೇನಿ."

"ಸಂಜೆ ನನ್ನ ಶಿಫ್ಟ್ ಇರಲ್ಲ ನೀಲಾ."

ಸೋಮಣ್ಣನ ಕೈ ಹತ್ತಿರದಲ್ಲೇ ರೌಟರಿನ ವೈರು ಇತ್ತು. ಬೆರಳು ತುದಿಯಿಂದ ಒಮ್ಮೆ ಜಗ್ಗಿದರೆ ಸಾಕು, ಗ್ರೀಷ್ಮಾಳ ಮುಖ ಪರದೆಯ ಮೇಲೆ ಹೆಪ್ಪುಗಟ್ಟುತ್ತಿತ್ತು, ನೀಲಾ ಹೇಳಿದ್ದು ನಿಜವೆಂದು ಕಾಣುತ್ತಿತ್ತು. ಇಷ್ಟು ವರ್ಷ ಲೈನು ಕಡಿಯದಿರಲಿ ಎಂದು ಕಂಬ ಹತ್ತಿದ ಮನುಷ್ಯ, ಮೊದಲ ಸಲ ಲೈನು ಕಡಿಯಲಿ ಎಂದು ಬೇಡಿಕೊಳ್ಳುತ್ತಿದ್ದರು. ಅವರ ಕೈ ವೈರಿನ ಮೇಲೆ ಹೋಯಿತು. ನೀಲಾ ಕಣ್ಣಂಚಿನಲ್ಲಿ ಅದನ್ನು ಕಂಡಳು. ತಲೆ ಅಲ್ಲಾಡಿಸಲಿಲ್ಲ, ಪರದೆಯವರಿಗೆ ಕಾಣುತ್ತದಲ್ಲ. ಮೇಜಿನ ಕೆಳಗೆ ಅಂಗೈ ಚಾಚಿ ತಡೆದಳು.

"ಈಕಿ ಸುಳ್ಳು ಹೇಳ್ತಾಳ ಅಂತ ಅವರು ಹೊರಗ ಹಾಕ್ಲಾಕತ್ತಿದ್ರು. ಆಕಿಗಿ ಒಂದೇ ಒಂದು ಸುಳ್ಳೂ ಹೇಳೋದು ಬ್ಯಾಡಾಗಿತ್ರಿ" ಎನ್ನುತ್ತಾರೆ ಸೋಮಣ್ಣ.

ಕರೆ ಒಮ್ಮೆಯೂ ತೊದಲದೆ ಮುಗಿಯಿತು. ಕೆಲಸವೂ ಅಲ್ಲಿಗೇ ಮುಗಿಯಿತು. ಪರದೆ ಆರಿದ ಮೇಲೆ ನೀಲಾ ಅಳಲಿಲ್ಲ. ಹೆಡ್‌ಫೋನಿನ ವೈರನ್ನು ಮಡಚಿ, ಅದು ಬಂದಿದ್ದ ರಟ್ಟಿನ ಪೆಟ್ಟಿಗೆಯಲ್ಲೇ ಜೋಪಾನವಾಗಿ ಇಟ್ಟಳು. ವಾಪಸ್ ಕಳಿಸಬೇಕಿತ್ತಲ್ಲ.

ಈಗ ಪ್ರಸನ್ನ ಎರಡು ಪಾಳಿ ಮಾಡುತ್ತಾನೆ. ಮಗುವಿನ ಒಂದು ಔಷಧಿಯನ್ನು ವೈದ್ಯರು ಬದಲಿಸಿ ಅಗ್ಗದ್ದನ್ನು ಬರೆದುಕೊಟ್ಟಿದ್ದಾರೆ. ಅದನ್ನು ಶುರು ಮಾಡಿದ ಮೇಲೆ ಅಮೂಲ್ಯಾ ದಿನವಿಡೀ ತೂಕಡಿಸುತ್ತಾಳೆ, ಬಣ್ಣದ ಕಡ್ಡಿ ಕೈಯಿಂದ ಜಾರುತ್ತದೆ. ನೀಲಾ ಅಕ್ಕಪಕ್ಕದವರಿಗೆ ಚಪಾತಿ ಮಾಡಿಕೊಡುತ್ತಾಳೆ. ಕನ್ನಡದಲ್ಲಿ ಕರೆ ಉತ್ತರಿಸುವ ಬೇರೆ ಸಂಸ್ಥೆಗಳನ್ನು ಕೇಳಿ ನೋಡಿದಳು. ಹಿಂದಿನ ಕೆಲಸ ಏಕೆ ಬಿಟ್ಟಿರಿ ಎಂಬ ಪ್ರಶ್ನೆಯ ಹತ್ತಿರ ಪ್ರತಿಸಲವೂ ಮಾತು ನಿಲ್ಲುತ್ತದೆ.

ಇಂಟರ್‌ನೆಟ್ ಸಂಪರ್ಕವನ್ನು ತೆಗೆಸಿದಾಗ ರೌಟರ್ ವಾಪಸ್ ತರಲು ಕಂಪನಿ ಕಳಿಸಿದ್ದು ಸೋಮಣ್ಣನನ್ನೇ. ಒಂದು ಮಧ್ಯಾಹ್ನ ಹೋದರು. ಆ್ಯಪ್‌ನಲ್ಲಿ ಗಿರಾಕಿ ಬಿಟ್ಟುಹೋದ ಕಾರಣವನ್ನು ಒತ್ತಬೇಕು. ಮನೆ ಬದಲಿಸಿದ್ದಾರೆ, ದರ ಹೆಚ್ಚಾಯಿತು, ಬಳಕೆ ಇಲ್ಲ. ಮೂರೇ. ಅವರು ಬಹಳ ಹೊತ್ತು ನೋಡಿ 'ಬಳಕೆ ಇಲ್ಲ' ಒತ್ತಿದರು. ತಾವೇ ಗೋಡೆಗುಂಟ ಎಳೆದಿದ್ದ ವೈರನ್ನು ಮೊಳೆ ಮೊಳೆಯಾಗಿ ಬಿಚ್ಚಿ ಸುತ್ತಿಕೊಂಡರು.

ಗೇಟಿಗೆ ಬೇರೊಂದು ಕಂಪನಿಯ ಹೊಸ ಚೀಟಿ ಅಂಟಿಸಿತ್ತು, ಇನ್ನೂರರ ವೇಗ ಎಂದು. ಅವರ ಕೇಬಲ್ ಈಗ ಈ ಗಲ್ಲಿಗೂ ಬಂದಿದೆ.

"ಇವರದು ಚಲೋ ಇರತೈತೇನ್ರಿ ಕಾಕಾ?" ಎಂದಳು ನೀಲಾ, ಚಹದ ಲೋಟ ಕೊಡುತ್ತ.

"ಚೀಟಿ ನೋಡಬ್ಯಾಡ, ಟೆಸ್ಟೂ ನೋಡಬ್ಯಾಡವ್ವಾ. ಅವರದು ಹಾಕಿಸ್ಕೊಂಡವರ ಮನ್ಯಾಗ ಸಂಜೀಕ ಹೋಗಿ ಕುಂದ್ರು. ದೂರದ ಊರಿಗಿ ಒಂದು ಫೋನ್ ಹಚ್ಚು. ಅರ್ಧ ತಾಸು ಮಾತಾಡು. ಕಡೀಲಿಲ್ಲಂದ್ರ ಹಾಕಿಸ್ಕೊ."

"ಯಾರಿಗಿ ಹಚ್ಚಲಿ ಕಾಕಾ, ಇನ್ನ?"

ಸೋಮಣ್ಣ ಚಹ ಕುಡಿದು, ಲೋಟವನ್ನು ತೊಳೆದಿಟ್ಟು ಬಂದರು.

ಅವರ ಕೆಲಸ ನಡೆದೇ ಇದೆ. ಹೊಟ್ಟೆ ಇದೆಯಲ್ಲ. ಕಂಬ ಹತ್ತುತ್ತಾರೆ, ಎಳೆ ಜೋಡಿಸುತ್ತಾರೆ, ಮುಳ್ಳಿನ ಚಿತ್ರ ಏರಿಸುತ್ತಾರೆ. ಯಾರಾದರೂ ಆ ಚಿತ್ರದ ಒಂದು ಪ್ರತಿ ನಮಗೂ ಕೊಡಿ, ಆಫೀಸಿಗೆ ಕಳಿಸಬೇಕು ಎಂದರೆ ಮಾತ್ರ ಕೊಡುವುದಿಲ್ಲ. ಏಕೆಂದು ಹೇಳುವುದೂ ಇಲ್ಲ. "ಈ ಕೇಬಲ್‌ವಾಲಾನಿಗೆ ಬಹಳ ಸೊಕ್ಕು" ಎಂದು ಒಬ್ಬರು ಆ್ಯಪ್‌ನಲ್ಲಿ ಒಂದೇ ನಕ್ಷತ್ರ ಕೊಟ್ಟಿದ್ದಾರೆ.

ನಿಮಗೇನಾದರೂ ಆಸೆ ಇದೆಯೇ ಎಂದರೆ ಸೋಮಣ್ಣ ಮೊದಲು ಇಲ್ಲ ಎನ್ನುತ್ತಾರೆ. ಸ್ಕೂಟರಿನ ಮೇಲೆ ಏಣಿ ಕಟ್ಟುವ ಹಗ್ಗವನ್ನು ಬಿಗಿಯುತ್ತ, ಅದು ಬಿಗಿಯಾದ ಮೇಲೂ ಇನ್ನೊಮ್ಮೆ ಬಿಗಿಯುತ್ತ, ಆಮೇಲೆ ಹೇಳುತ್ತಾರೆ:

"ದೊಡ್ಡದೇನಿಲ್ರಿ. ಒಂದ್ ಸಂಜಿ ಯಾರರ ಸಾಹೇಬ್ರು ಬಂದು ಹಂತಾ ಒಂದು ಮನ್ಯಾಗ ಕುಂದ್ರಬೇಕು. ಒಂದು ಫೋನ್ ಎತ್ತಬೇಕು. ಆಕಡಿ ಯಾರೋ ಕಷ್ಟದಾಗಿದ್ದವರು, ಕೇಳಸ್ತದೇನ್ರಿ, ಕೇಳಸ್ತದೇನ್ರಿ ಅಂತಿರಬೇಕು. ಇವರು ಕೇಳಸ್ತದ, ಕೇಳಸ್ತದ ಅಂತ ಒದರಬೇಕು. ಅವರಿಗಿ ಕೇಳಿಸಬಾರದು. ಅಷ್ಟಾದ್ರ ಸಾಕ್ರಿ ನನಗ."